ಟೈಮಿಂಗ್ ಹತ್ಯಾರು: ಕಂಪನಿಯದೋ, ಹೊರಗಿನದೋ?



ಹೋಟೆಲು, ಗಿರಣಿ ಬಿಟ್ಟು ಮೋಟಾರು ಗ್ಯಾರೇಜು ಸೇರಿದ ನಮ್ಮವರಿಗಾಗಿ ಈ ಎರಡು ಮಾತು. ಕ್ರ್ಯಾಂಕು 2 ಸುತ್ತು ತಿರುಗಿದರೆ ಕ್ಯಾಮು 1 ಸುತ್ತು. ಟೈಮಿಂಗ್ ಬೆಲ್ಟು ಬದಲಿಸುವಾಗ ಈ ಹೊಂದಿಕೆ ಕೆಡದಂತೆ ಹಿಡಿದಿಡುವುದೇ ಲಾಕಿಂಗ್ ಪಿನ್ನಿನ ಕೆಲಸ. ಕೆಟ್ಟರೆ ಅನೇಕ ಎಂಜಿನುಗಳಲ್ಲಿ ಪಿಸ್ಟನ್ನು ಬಡಿದು ವಾಲ್ವು ಬಾಗುತ್ತದೆ. ದಂಡ ಬೀಳುವುದು ನಮ್ಮ ಸಂಬಳದ ಮೇಲೆ.

ಕಂಪನಿಯ ಹತ್ಯಾರಿಗೆ ಬೆಲೆ ಹೆಚ್ಚು, ಅಳತೆ ನಂಬಿಕೆಯದು. ಹೊರಗಿನದೆಲ್ಲ ಕೀಳಲ್ಲ, ಆದರೆ ಆ ಎಂಜಿನಿಗೇ ಮಾಡಿದ್ದೇ, ಪಿನ್ನು ರಂಧ್ರದಲ್ಲಿ ಅಲುಗದೆ ಕೂರುವುದೇ ಎಂದು ನೋಡಿಯೇ ಕೊಳ್ಳೋಣ. ಯಾವುದಾದರೂ ಸರಿಯೇ, ಪಿನ್ನಿನ ಮೇಲೆ ಭಾರ ಹಾಕಿ ಬೋಲ್ಟು ಬಿಚ್ಚಬಾರದು. ಅದಕ್ಕೆ ಬೇರೆ ಹಿಡಿಕೆಯುಂಟು. ಕೆಲಸ ಮುಗಿದಾಗ ಪಿನ್ನು ತೆಗೆದು, ಕ್ರ್ಯಾಂಕನ್ನು ಕೈಯಿಂದ 2 ಸುತ್ತು ತಿರುಗಿಸೋಣ. ಪಿನ್ನು ಮತ್ತೆ ಸಲೀಸಾಗಿ ಹೊಕ್ಕರೆ ಮಾತ್ರ ಗಾಡಿ ಚಾಲೂ.

ಒಬ್ಬರಿಗೆ ಭಾರವಾದ ಒಳ್ಳೆಯ ಹತ್ಯಾರನ್ನು ನಾಲ್ವರು ಕೂಡಿ ಕೊಳ್ಳೋಣ.