ಕಾಡಿನ ಇಂಗಾಲದ ಲೆಕ್ಕ: ಎಷ್ಟು ವರ್ಷದ ಅಳತೆ?

(ಗ್ರಾಮಸ್ಥರು ಮತ್ತು ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಕಾಡು ಹೀರಿಕೊಳ್ಳುವ ಇಂಗಾಲಕ್ಕೆ ಇಂದು ಮಾರುಕಟ್ಟೆಯಲ್ಲಿ ಬೆಲೆ ಬಂದಿದೆ. ಆದುದರಿಂದ ಆ ಅಂಕಿ ಹೇಗೆ ಹುಟ್ಟುತ್ತದೆ, ಅದನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದನ್ನು ಕಾಡಿನ ನಡುವೆ ಬಾಳುವ ನಾವು ಅರಿತಿರಬೇಕು.

ಹಗಲಿನಲ್ಲಿ ಎಲೆಗಳು ಇಂಗಾಲದ ಡೈಆಕ್ಸೈಡನ್ನು ಹೀರುತ್ತವೆ. ಮರ, ಬೇರು ಹಾಗೂ ಮಣ್ಣಿನ ಸೂಕ್ಷ್ಮಜೀವಿಗಳು ಹಗಲಿರುಳೂ ಉಸಿರಾಡಿ ಅದನ್ನು ಹೊರಬಿಡುತ್ತವೆ. ಇವೆರಡರ ವ್ಯತ್ಯಾಸವೇ ಕಾಡಿನ ನಿವ್ವಳ ಗಳಿಕೆ. ಮರಗಳ ನೆತ್ತಿಗಿಂತ ಎತ್ತರದ ಗೋಪುರದಲ್ಲಿ ಉಪಕರಣಗಳನ್ನಿಟ್ಟು, ಮೇಲಕ್ಕೂ ಕೆಳಕ್ಕೂ ಸುಳಿಯುವ ಗಾಳಿಯ ವೇಗವನ್ನು, ಅದರಲ್ಲಿರುವ ಈ ಅನಿಲದ ಪ್ರಮಾಣವನ್ನು ಸೆಕೆಂಡಿಗೆ ಹಲವು ಬಾರಿ ದಾಖಲಿಸುತ್ತಾರೆ. ರಾತ್ರಿ ದ್ಯುತಿಸಂಶ್ಲೇಷಣೆ ಇಲ್ಲದಿರುವುದರಿಂದ ಆಗಿನ ಅಳತೆ ಕೇವಲ ಉಸಿರಾಟದ್ದು. ಅದಕ್ಕೂ ಉಷ್ಣಾಂಶಕ್ಕೂ ಇರುವ ಸಂಬಂಧವನ್ನು ಸಮೀಕರಣವಾಗಿಸಿ ಹಗಲಿನ ಉಸಿರಾಟವನ್ನು ಅಂದಾಜಿಸುತ್ತಾರೆ. ಇದು ಮಾದರಿಯ ಮೊದಲ ಹೆಜ್ಜೆ.

ಗಾಳಿಯಾಡದ ರಾತ್ರಿಗಳಲ್ಲಿ, ಇಳಿಜಾರು ನೆಲದಲ್ಲಿ ತಣ್ಣನೆಯ ಗಾಳಿಯು ಈ ಅನಿಲವನ್ನು ಹೊತ್ತು ಕಣಿವೆಗೆ ಜಾರುತ್ತದೆ. ಗೋಪುರಕ್ಕೆ ಅದು ಕಾಣದು. ಅಂತಹ ಅಳತೆಗಳನ್ನು ಕೈಬಿಟ್ಟು, ಆ ತೆರಪನ್ನು ಮಾದರಿಯ ಅಂದಾಜಿನಿಂದ ತುಂಬಬೇಕಾಗುತ್ತದೆ.

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಹಾರ್ವರ್ಡ್ ಫಾರೆಸ್ಟ್‌ನಲ್ಲಿ 1990ರ ದಶಕದ ಆರಂಭದಿಂದ ಈ ಬಗೆಯ ನಿರಂತರ ಅಳತೆ ನಡೆದುಬಂದಿದೆ. ರೈತರು ತೊರೆದುಹೋದ ನೆಲದಲ್ಲಿ ಮತ್ತೆ ಬೆಳೆದ, ಕೆಂಪು ಓಕ್ ಪ್ರಧಾನವಾದ ಕಾಡು ಅದು. ಅಲ್ಲಿನ 1992ರಿಂದ 2004ರವರೆಗಿನ ದತ್ತಾಂಶದ ವಿಶ್ಲೇಷಣೆ 2007ರಲ್ಲಿ ಪ್ರಕಟವಾಯಿತು. ಸರಾಸರಿ ಗಳಿಕೆ ವರ್ಷಕ್ಕೆ ಹೆಕ್ಟೇರಿಗೆ 2.5 ಟನ್ ಇಂಗಾಲ. ಆದರೆ ಒಂದು ವರ್ಷ 1 ಟನ್ನಾದರೆ ಇನ್ನೊಂದು ವರ್ಷ 4.7 ಟನ್. 75ರಿಂದ 110 ವರ್ಷ ವಯಸ್ಸಿನ ಆ ಕಾಡಿನ ಗಳಿಕೆ ಆ ಅವಧಿಯಲ್ಲಿ ಸುಮಾರು ಇಮ್ಮಡಿಯಾಗಿತ್ತು. ಹೋಲಿಕೆಗೆ ಬಳಸಿದ ಗಣಕ ಮಾದರಿಯು ಸರಾಸರಿಯನ್ನು ಸರಿಯಾಗಿ ಹೇಳಿತು. ಈ ಏರಿಕೆಯನ್ನು ಹೇಳಲಿಲ್ಲ. ಮರಗಳ ಗಾತ್ರದ ಹೆಚ್ಚಳ, ಓಕ್‌ನ ಪ್ರಾಬಲ್ಯ ಮುಂತಾದ ನಿಧಾನಗತಿಯ ಬದಲಾವಣೆಗಳೊಂದಿಗೆ ಏರಿಕೆಗೆ ನಂಟಿತ್ತು. ಅದು ಗೋಚರಿಸಿದ್ದು ಹದಿಮೂರು ವರ್ಷ ಬಿಡದೆ ಅಳೆದುದರಿಂದ ಮಾತ್ರ.

ಚಳಿಗಾಲದಲ್ಲಿ ಎಲೆಯುದುರಿಸುವ ಆ ಕಾಡಿನ ಸಮೀಕರಣವನ್ನು, ಮಳೆಗಾಲದ ಮೋಡದಡಿಯಲ್ಲಿ ತಿಂಗಳುಗಟ್ಟಲೆ ನಿಲ್ಲುವ ನಮ್ಮ ನಿತ್ಯಹರಿದ್ವರ್ಣದ ಕಾಡಿಗೆ ಹಾಗೆಯೇ ಹಚ್ಚಲಾಗದು. ಆದ್ದರಿಂದ ನಮ್ಮ ಬೆಟ್ಟದ ಬಗ್ಗೆ ಯಾರಾದರೂ ಅಂಕಿಯನ್ನು ಮುಂದಿಟ್ಟರೆ ಮೂರು ಪ್ರಶ್ನೆಗಳನ್ನು ಕೇಳೋಣ: ಎಷ್ಟು ವರ್ಷ ಅಳೆದಿರಿ? ಎಂತಹ ನೆಲದಲ್ಲಿ ಅಳೆದಿರಿ? ಇದರಲ್ಲಿ ಅಳೆದುದೆಷ್ಟು, ಅಂದಾಜೆಷ್ಟು?

ಮಲೆನಾಡಿನ ಎಷ್ಟೋ ಮನೆಗಳಲ್ಲಿ ಮಳೆಯ ಲೆಕ್ಕ ಬರೆದಿಟ್ಟ ಹಳೆಯ ಪುಸ್ತಕಗಳಿವೆ. ಅವನ್ನು ರದ್ದಿಗೆ ಹಾಕಬೇಡಿ. ವಿದ್ಯಾರ್ಥಿಗಳು ಅವುಗಳ ಪ್ರತಿ ಮಾಡಿಟ್ಟುಕೊಂಡು, ಇಂದಿನ ಮಳೆಯನ್ನೂ ಬರೆಯುತ್ತ ಹೋಗಲಿ. ಮಾದರಿಯನ್ನು ಮುಂದೆ ಯಾರೂ ತಿದ್ದಬಹುದು. ಅಳೆಯದೆ ಕಳೆದ ವರ್ಷವನ್ನು ಮರಳಿ ಅಳೆಯಲಾಗದು.