ಮೈಲೇಜ್ ಕದ್ದವರು ಯಾರು?

ಈಗ ಯಾವ ಮದುವೆ ಮನೆಯಲ್ಲಿ ಊಟಕ್ಕೆ ಕೂತರೂ ಪಕ್ಕದ ಎಲೆಯವರದು ಒಂದೇ ದೂರು. ‘ಅಲ್ಲಾ ಸಾರ್, ಲೀಟರಿಗೆ 18 ಕೊಡ್ತಿದ್ದ ಕಾರು ಈಗ 13ಕ್ಕೆ ಇಳಿದಿದೆ. ಎಲ್ಲಾ ಈ ಎಥೆನಾಲ್ ಮಹಿಮೆ. ನಿಮ್ಮ ಚಾನೆಲ್‌ನಲ್ಲಿ ಸ್ವಲ್ಪ ಹೇಳಿ.’

ಹೇಳೋಣ. ಎಥೆನಾಲ್‌ನಲ್ಲಿ ಪೆಟ್ರೋಲಿಗಿಂತ ಹೆಚ್ಚುಕಡಿಮೆ ಮೂರನೇ ಒಂದು ಭಾಗದಷ್ಟು ಶಕ್ತಿ ಕಡಿಮೆ. ನೂರಕ್ಕೆ ಇಪ್ಪತ್ತು ಪಾಲು ಅದನ್ನೇ ಬೆರೆಸಿದರೆ ಮೈಲೇಜ್ ಇಳಿಯಲೇಬೇಕು. ಇದು ಸರ್ಕಾರಕ್ಕೆ ಗೊತ್ತಿಲ್ಲದ್ದೇನಲ್ಲ. ನೀತಿ ಆಯೋಗದ 2021ರ ವರದಿಯೇ ಹೇಳಿದೆ: ಇ20ಗೆ ಹೊಂದಿಸಿದ ಕಾರಿನಲ್ಲಿ ಶೇ. 1ರಿಂದ 2, ಹಳೆಯ ಕಾರಿನಲ್ಲಿ ಶೇ. 6ರಿಂದ 7ರಷ್ಟು ನಷ್ಟ. ಹಾಗಾದರೆ ಹಳೆ ಕಾರಿನವನಿಗೆ ಅದೇ ದರದಲ್ಲಿ ಬೇರೆ ಪೆಟ್ರೋಲ್ ಯಾಕಿಲ್ಲ? ಈ ಪ್ರಶ್ನೆಯನ್ನು ನಾವು ಬಿಡೋದಿಲ್ಲ.

ಆದರೆ ಲೆಕ್ಕ ಹಾಕಿ ಸ್ವಾಮಿ. 18ರಲ್ಲಿ ಶೇ. 7 ಕಳೆದರೂ ಹದಿನಾರೂ ಮುಕ್ಕಾಲು ಉಳಿಯಬೇಕು. ಬಂದಿರೋದು 13. ಉಳಿದ ಮೂರೂ ಮುಕ್ಕಾಲು ಕಿಲೋಮೀಟರ್ ಕದ್ದವರು ಯಾರು?

ಮೊದಲ ಕಳ್ಳ ಟಯರಿನಲ್ಲಿದ್ದಾನೆ. ಗಾಳಿ ಎಷ್ಟಿರಬೇಕು ಅಂತ ಡ್ರೈವರ್ ಬಾಗಿಲ ಹತ್ತಿರದ ಸ್ಟಿಕ್ಕರ್‌ನಲ್ಲೇ ಬರೆದಿರುತ್ತೆ. ಓದಿದವರು ಎಷ್ಟು ಜನ? ಎರಡನೆಯವನು ಸಿಗ್ನಲ್‌ನಲ್ಲಿ. ಸಿಲ್ಕ್ ಬೋರ್ಡ್ ಹತ್ತಿರ ಎಸಿ ಹಾಕಿಕೊಂಡು ನಿಂತ ಕಾರು ಒಂದಿಂಚೂ ಮುಂದೆ ಹೋಗದೆ ಗಂಟೆಗೆ ಅರ್ಧ ಲೀಟರ್‌ಗೂ ಹೆಚ್ಚು ಕುಡಿಯಬಹುದು. ಮೂರನೆಯವನು ಚಕ್ರದಲ್ಲಿ. ಕಾರು ನಿಲ್ಲಿಸಿದಾಗ ಒಂದು ಚಕ್ರ ಮಾತ್ರ ವಿಪರೀತ ಕಾದಿದ್ದರೆ ಬ್ರೇಕ್ ಹಿಡಿದುಕೊಂಡಿರಬಹುದು. ನಾಲ್ಕನೆಯವನು ಬಾನೆಟ್ ಕೆಳಗೆ: ಸವೆದ ಸ್ಪಾರ್ಕ್ ಪ್ಲಗ್, ಕೆಟ್ಟ ಆಕ್ಸಿಜನ್ ಸೆನ್ಸರ್.

ಇಂಜಿನ್ ಸುಮ್ಮನೆ ಸಾಯೋದಿಲ್ಲ, ಹೇಳಿಯೇ ಸಾಯುತ್ತೆ. ಹೊಗೆ ನೋಡಿ. ಕಪ್ಪಗಿದ್ದರೆ ಪೆಟ್ರೋಲ್ ಪೂರ್ತಿ ಉರೀತಿಲ್ಲ. ನೀಲಿ ಬಂದರೆ ಇಂಜಿನ್ ಆಯಿಲ್ ಉರೀತಿದೆ. ಇಂಜಿನ್ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ಬರ್ತಿದ್ದರೆ ಕೂಲಂಟ್ ಒಳಗೆ ಸೇರಿರಬಹುದು.

ನನ್ನದೇ ಒಂದು ತಪ್ಪು ಹೇಳ್ತೀನಿ. ಒಂದು ಚುನಾವಣೆ ಕವರೇಜ್ ಮುಗಿಸಿ ಮಂಗಳೂರಿನಿಂದ ಬಾಡಿಗೆ ಕಾರಿನಲ್ಲಿ ವಾಪಸ್ ಬರ್ತಿದ್ದೆ. ಶಿರಾಡಿ ಘಾಟ್ ಹತ್ತುವಾಗ ಟೆಂಪರೇಚರ್ ಮುಳ್ಳು ಕೆಂಪು ಗೆರೆ ಮುಟ್ಟಿತು. ಡ್ರೈವರ್ ಹುಡುಗ ‘ನಿಲ್ಲಿಸ್ಲಾ ಸಾರ್?’ ಅಂದ. ನನಗೋ ರಾತ್ರಿ ಒಂಬತ್ತಕ್ಕೆ ಶೋ. ‘ಸಕಲೇಶಪುರಕ್ಕೆ ಹೋಗಿ ನೋಡೋಣ ನಡಿ’ ಅಂದೆ. ಸಕಲೇಶಪುರ ಬರಲೇ ಇಲ್ಲ. ಸೋರುತ್ತಿದ್ದದ್ದು ಕೆಲವು ನೂರು ರೂಪಾಯಿಯ ಕೂಲಂಟ್ ಪೈಪ್. ಹೋಗಿದ್ದು ಹೆಡ್ ಗ್ಯಾಸ್ಕೆಟ್. ಬಿಲ್ಲಿನಲ್ಲಿ ನಾನೂ ಪಾಲು ಕೊಟ್ಟೆ, ನಿಜ. ಆದರೆ ಸಾಲದ ಕಾರು, ಮೂರು ವಾರ ಗ್ಯಾರೇಜಿನಲ್ಲಿ. ಅಷ್ಟೂ ದಿನ ಆ ಹುಡುಗನಿಗೆ ದುಡಿಮೆ ಇಲ್ಲ, ಕಂತು ಮಾತ್ರ ನಿಲ್ಲಲಿಲ್ಲ. ಅವನು ಕೇಳಿದ್ದು ಸರಿ, ನಾನು ಹೇಳಿದ್ದು ತಪ್ಪು.

ಅದಕ್ಕೇ ಹೇಳೋದು, ಮುಳ್ಳು ಕೆಂಪಿಗೆ ಬಂತಾ, ಪಕ್ಕಕ್ಕೆ ಹಾಕಿ ಇಂಜಿನ್ ಆಫ್ ಮಾಡಿ. ಪೂರ್ತಿ ತಣ್ಣಗಾಗೋವರೆಗೆ ರೇಡಿಯೇಟರ್ ಮುಚ್ಚಳ ಮುಟ್ಟಬೇಡಿ. ಯಾವ ಮೀಟಿಂಗೂ, ಯಾವ ಶೋನೂ ಅದಕ್ಕಿಂತ ದೊಡ್ಡದಲ್ಲ.

ಸರ್ಕಾರವನ್ನು ಕೇಳೋದು ನಮ್ಮ ಕೆಲಸ, ಕೇಳ್ತೀವಿ. ನಾಳೆ ಬೆಳಗ್ಗೆ ಟಯರ್ ಗಾಳಿ ಚೆಕ್ ಮಾಡಿಸೋದು ನಿಮ್ಮ ಕೆಲಸ.