ಪರಂಪರೆಯ ಮಾಸಾಚರಣೆಗಳೂ ನಮ್ಮ ವಿದ್ಯಾಪೀಠಗಳೂ

(ಚಿಕ್ಕಪಡಸಲಗಿಯಲ್ಲಿ ಮಹೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಈ ಮಂಗಲ ಸಮಯದಲ್ಲಿ ವಿದ್ಯೆಯ ಸಂಬಂಧವಾಗಿ ನಾಲ್ಕು ಮಾತುಗಳನ್ನಾಡಬೇಕೆಂದು ಕಾರ್ಯಕಾರಿ ಮಂಡಲದವರು ಅಪ್ಪಣೆ ಕೊಡಿಸಿರುವರು. ಮಠಕ್ಕೂ ವಿದ್ಯೆಗೂ ಇರುವ ನಂಟು ಈ ಸಭೆಗೆ ಹೊಸದಾಗಿ ಹೇಳಬೇಕಾದುದಲ್ಲ. ಆದುದರಿಂದ ಅದನ್ನು ಬಿಟ್ಟು, ಈಗಿನ ವಿಶ್ವವಿದ್ಯಾಲಯಗಳಲ್ಲಿ ಬೆಳೆದುಬಂದಿರುವ ಒಂದು ರೂಢಿಯನ್ನು ಕುರಿತು ಅರಿಕೆ ಮಾಡಿಕೊಳ್ಳುವೆನು. ಇಂಥ ಜನಾಂಗದ ಪರಂಪರೆಗೆ ಇಂಥ ತಿಂಗಳು, ಇಂಥ ಭಾಷೆಗೆ ಇಂಥ ದಿನ, ಇಂಥ ಮಹಾಪುರುಷರಿಗೆ ಇಂಥ ಜಯಂತಿ ಎಂದು ಗೊತ್ತುಮಾಡಿ, ನಾನಾ ಜನರ ಸಂಸ್ಕೃತಿಯನ್ನು ವಿದ್ಯಾರ್ಥಿಗಳ ಮುಂದಿಡುವದೇ ಆ ರೂಢಿ. ಇದು ಒಳ್ಳೆಯದೋ ಬರಿಯ ಆಡಂಬರವೋ ಎಂಬ ವಾದವು ಎಲ್ಲ ಕಡೆಗೂ ನಡೆದಿದೆ. ಈ ವಾದವು ನಮ್ಮನ್ನೂ ಮುಟ್ಟುವಂಥದು. ಯಾಕೆಂದರೆ ಈ ಸಭೆಯಲ್ಲಿ ಕುಳಿತವರ ಮಕ್ಕಳೇ ಜಮಖಂಡಿಯಲ್ಲಿ, ವಿಜಯಪುರದಲ್ಲಿ, ಧಾರವಾಡದಲ್ಲಿ ಓದುತ್ತಲಿರುವರು.

ಈ ರೂಢಿಯ ಒಂದು ಬೇರು ಅಮೆರಿಕಾ ದೇಶದಲ್ಲಿದೆ. ಅಲ್ಲಿ ಕಾರ್ಟರ್ ವುಡ್‌ಸನ್ ಎಂಬ ವಿದ್ವಾಂಸರಿದ್ದರು. ಅವರು 1875ರಲ್ಲಿ ಹುಟ್ಟಿದರು. ತಂದೆತಾಯಿಗಳು ಒಂದು ಕಾಲಕ್ಕೆ ದಾಸ್ಯದಲ್ಲಿದ್ದವರು. ಹರೆಯದಲ್ಲಿ ಕಲ್ಲಿದ್ದಲಿನ ಗಣಿಯಲ್ಲಿ ದುಡಿದು, ಇಪ್ಪತ್ತರ ವಯಸ್ಸಿನಲ್ಲಿ ಪ್ರೌಢಶಾಲೆಯನ್ನು ಹೊಕ್ಕು, 1912ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಡಾಕ್ಟರ್ ಪದವಿಯನ್ನು ಪಡೆದ ಪುರುಷರವರು. ತಮ್ಮ ಜನರಿಗೆ ಇತಿಹಾಸವೇ ಇಲ್ಲವೆಂದು ಪಾಠ ಹೇಳುವ ಕಾಲದಲ್ಲಿ, ಅವರು 1915ರಲ್ಲಿ ಒಂದು ಸಂಶೋಧನ ಸಂಘವನ್ನು ಕಟ್ಟಿದರು. ಮರುವರ್ಷ ಒಂದು ಪತ್ರಿಕೆಯನ್ನು ಹೊರಡಿಸಿದರು. ಹೀಗೆ ಹತ್ತು ವರುಷ ಸಾಮಗ್ರಿಯನ್ನು ಕೂಡಿಸಿದ ಬಳಿಕವೇ, 1926ರ ಫೆಬ್ರುವರಿಯಲ್ಲಿ, ನೀಗ್ರೋ ಜನರ ಇತಿಹಾಸಕ್ಕೆಂದು ಒಂದು ವಾರವನ್ನು ಮೀಸಲಿಟ್ಟರು. ಆ ವಾರವು ತಿಂಗಳಾದದ್ದು ಒಂದು ವಿಶ್ವವಿದ್ಯಾಲಯದಲ್ಲಿಯೇ. ಓಹಾಯೋ ಸಂಸ್ಥಾನದ ಕೆಂಟ್ ವಿಶ್ವವಿದ್ಯಾಲಯದ ಕರಿಯ ವಿದ್ಯಾರ್ಥಿಗಳೂ ಅಧ್ಯಾಪಕರೂ 1969ರಲ್ಲಿ ಅದನ್ನು ಸೂಚಿಸಿ, ಮರುವರ್ಷ ಆಚರಣೆಗೆ ತಂದರು. 1976ರಲ್ಲಿ ರಾಷ್ಟ್ರಾಧ್ಯಕ್ಷರ ಮನ್ನಣೆಯೂ ದೊರೆಯಿತು. ಮುಂದೆ ಸ್ಪ್ಯಾನಿಶ್ ಮೂಲದವರಿಗೆ, ಏಶಿಯಾದಿಂದ ಹೋದವರಿಗೆ, ಆ ನೆಲದ ಮೂಲನಿವಾಸಿಗಳಿಗೆ ಹೀಗೆ ಒಂದೊಂದು ಮಾಸವು ಗೊತ್ತಾಯಿತು.

ಇನ್ನು ನಮ್ಮ ನಾಡಿಗೆ ಬರೋಣ. ಅದೇ 1926ನೆಯ ಇಸ್ವಿಯಲ್ಲಿ ಧಾರವಾಡದಲ್ಲಿ ದ. ರಾ. ಬೇಂದ್ರೆಯವರೂ ಅವರ ಗೆಳೆಯರೂ ನವರಾತ್ರಿಯ ಕಾಲಕ್ಕೆ ನಾಡಹಬ್ಬವನ್ನು ಆರಂಭಿಸಿದರು. ಆಗ ಕನ್ನಡಿಗರು ಮುಂಬಯಿ, ಮದ್ರಾಸು, ನಿಜಾಮರ ಸೀಮೆ, ಮೈಸೂರು, ಕೊಡಗು ಎಂದು ಹರಿದುಹಂಚಿಹೋಗಿದ್ದರು. ಈ ನಮ್ಮ ಸೀಮೆಯಲ್ಲಂತೂ ಜಮಖಂಡಿಯಲ್ಲಿ ಪಟವರ್ಧನರ ದರಬಾರು, ಮುಧೋಳದಲ್ಲಿ ಘೋರ್ಪಡೆಯವರ ದರಬಾರು. ಒಂದು ನಾಡೆಂಬುದು ನಕಾಶೆಯಲ್ಲಿ ಇಲ್ಲದಾಗ ಹಬ್ಬದಲ್ಲಿ ಅದನ್ನು ಕಂಡರು. ಅದೇ ವರುಷವೇ ವಿಜಯಪುರದಲ್ಲಿ ಫ. ಗು. ಹಳಕಟ್ಟಿಯವರು ‘ಶಿವಾನುಭವ’ ಪತ್ರಿಕೆಯನ್ನು ಹೊರಡಿಸಿದರು. ಒಬ್ಬರ ಸುದ್ದಿ ಒಬ್ಬರಿಗೆ ತಿಳಿಯದೆ, ಸಮುದ್ರದಾಚೆಗೂ ಈಚೆಗೂ, ಮರೆತುಹೋದ ಮಾತನ್ನು ಮರಳಿ ತರುವ ಕೆಲಸವು ಒಂದೇ ಸಂವತ್ಸರದಲ್ಲಿ ನಡೆದುದು ನನಗೆ ಬಹಳ ಸೋಜಿಗವೆನಿಸುವದು.

ಹಳಕಟ್ಟಿಯವರ ವಿಷಯವನ್ನು ತುಸು ನಿಂತು ನೋಡಬೇಕು. ಅವರು ವೃತ್ತಿಯಿಂದ ವಕೀಲರು. ವಚನಗಳ ತಾಡೋಲೆಗಳು ಮನೆಮನೆಯ ಜಗಲಿಯ ಮೇಲೆ ಪೂಜೆಗೊಳ್ಳುತ್ತಿದ್ದವೇ ಹೊರತು ಓದುವವರಿರಲಿಲ್ಲ. ಅವುಗಳನ್ನು ಬೇಡಿ ತಂದು, ನಕಲು ಮಾಡಿ, ಪಾಠ ಶುದ್ಧಗೊಳಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದರು. ಮನೆಯನ್ನೇ ಮಾರಿ ಹಿತಚಿಂತಕ ಮುದ್ರಣಾಲಯವನ್ನು ನಡೆಯಿಸಿದರು. ಆಗ ಧಾರವಾಡದ ವಿಶ್ವವಿದ್ಯಾಲಯವು ಇನ್ನೂ ಹುಟ್ಟಿರಲಿಲ್ಲ. ಅದು ಸ್ಥಾಪನೆಯಾದದ್ದು 1949ರಲ್ಲಿ. 1956ರಲ್ಲಿ ಅದೇ ವಿಶ್ವವಿದ್ಯಾಲಯವು ಅವರಿಗೆ ಗೌರವ ಡಾಕ್ಟರ್ ಪದವಿಯನ್ನಿತ್ತಿತು. ಈಗ ಅವರ ಜನ್ಮದಿನವಾದ ಜುಲೈ 2ನ್ನು ವಚನ ಸಾಹಿತ್ಯ ಸಂರಕ್ಷಣಾ ದಿನವೆಂದು ಆಚರಿಸುವರು. ಕ್ರಮವನ್ನು ಗಮನಿಸಬೇಕು: ಮೊದಲು ಸಂರಕ್ಷಣೆ, ಆಮೇಲೆ ಮನ್ನಣೆ, ಕಡೆಗೆ ದಿನಾಚರಣೆ. ಇಂದಿನ ಎಷ್ಟೋ ಸಂಸ್ಥೆಗಳಲ್ಲಿ ದಿನಾಚರಣೆಯೇ ಮೊದಲಾಗಿ, ಅದೇ ಕಡೆಯೂ ಆಗಿರುವದು.

ಹಾಗಾದಾಗ ಏನಾಗುವದೆಂಬುದಕ್ಕೆ ಅಮೆರಿಕಾದ ಇತ್ತೀಚಿನ ಸಂಗತಿಯೇ ಸಾಕ್ಷಿ. 2025ರ ಜನೇವರಿ 31ರಂದು ಅಲ್ಲಿಯ ರಕ್ಷಣಾ ಇಲಾಖೆಯು ಇಂಥ ಮಾಸಗಳ ಆಚರಣೆಗೆ ಸರಕಾರದ ಸಾಧನಗಳನ್ನು ಬಳಸಕೂಡದೆಂದು ಆಜ್ಞೆ ಹೊರಡಿಸಿತು. ಅದೇ ವರುಷ ಅನೇಕ ವಿಶ್ವವಿದ್ಯಾಲಯಗಳೂ ಈ ಕಾರ್ಯಕ್ಕೆಂದು ತೆರೆದ ಕಚೇರಿಗಳನ್ನು ಮುಚ್ಚಿದವು. ಹುಕುಮಿನಿಂದ ಬಂದದ್ದು ಹುಕುಮಿನಿಂದ ಹೋಯಿತು. ಆದರೆ ವುಡ್‌ಸನ್ನರ ಪತ್ರಿಕೆಯ ಸಂಪುಟಗಳನ್ನು ಯಾವ ಹುಕುಮೂ ಮುದ್ರಣವಾಗಲಿಲ್ಲವೆಂದು ಮಾಡಲಾರದು. ನಮ್ಮ ಮನೆಯ ಮಾತೂ ಬೇರೆಯಲ್ಲ. ಜಮಖಂಡಿಯನ್ನು ಕೇಂದ್ರವಾಗಿ ಮಾಡಿಕೊಂಡು ಬಾಗಲಕೋಟೆ ವಿಶ್ವವಿದ್ಯಾಲಯವು 2023ರಲ್ಲಿ ಆರಂಭವಾಯಿತು. ಎರಡೇ ವರುಷಗಳಲ್ಲಿ ಅದರಂಥ ಹೊಸ ವಿದ್ಯಾಪೀಠಗಳನ್ನು ಮುಚ್ಚುವ ವಿಚಾರವೂ ಕೇಳಿಬಂದಿತು. ಆ ವಿದ್ಯಾಪೀಠಕ್ಕೆ ದೀರ್ಘಾಯುಷ್ಯವನ್ನೇ ಕೋರೋಣ. ಆದರೂ ಸಂಸ್ಥೆಯೇ ಅಲುಗಾಡುವ ಕಾಲದಲ್ಲಿ, ಅದರಿಂದ ಈ ಸೀಮೆಗೆ ಉಳಿಯತಕ್ಕುದೇನು ಎಂದು ಕೇಳುವದು ತಪ್ಪಲ್ಲ.

ನಮ್ಮ ಕಾಲೇಜುಗಳ ಆಚರಣೆಗಳಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚಿನ ವ್ಯಥೆಯನ್ನುಂಟುಮಾಡುವದು ಆಡಂಬರವಲ್ಲ. ಹೂಮಾಲೆ, ಭಾವಚಿತ್ರ, ಛಾಯಾಚಿತ್ರಗಳು ಇದ್ದರೆ ಇರಲಿ. ಬಸವ ಜಯಂತಿಯಲ್ಲಿ ಒಂದು ಸಮಾಜದ ಮಕ್ಕಳು ಮುಂದಿನ ಸಾಲಿನಲ್ಲಿ, ಕನಕ ಜಯಂತಿಯಲ್ಲಿ ಮತ್ತೊಂದು ಸಮಾಜದವರು, ವಾಲ್ಮೀಕಿ ಜಯಂತಿಯಲ್ಲಿ ಇನ್ನೊಂದು, ಅಂಬೇಡಕರರ ಜಯಂತಿಯಲ್ಲಿ ಬೇರೊಂದು: ಹೀಗೆ ಹಂಚಿಹೋಗಿರುವದೇ ವ್ಯಥೆ. ವೈವಿಧ್ಯವನ್ನು ತೋರಿಸಲಿಕ್ಕೆಂದು ಹೂಡಿದ ದಿನಗಳೇ ಗೋಡೆಗಳಾದರೆ ಮಾಡುವದೇನು? ದಾವಣಗೆರೆಯ ವಿರಕ್ತಮಠದಲ್ಲಿ ಹರ್ಡೇಕರ ಮಂಜಪ್ಪನವರು 1913ರಲ್ಲಿ ಬಸವ ಜಯಂತಿಯನ್ನು ಸಾರ್ವಜನಿಕವಾಗಿ ಆಚರಣೆಗೆ ತಂದರು. ‘ಸಾರ್ವಜನಿಕ’ವೆಂಬ ಆ ಶಬ್ದವು ಈಗ ಕರಪತ್ರದಲ್ಲಿ ಮಾತ್ರ ಉಳಿದಂತಿದೆ.

ಈ ಸೀಮೆಯ ಪರಂಪರೆಯಾದರೂ ಹೀಗೆ ಹಂಚಲು ಬರುವಂಥದಲ್ಲ. ಮುಧೋಳದ ರನ್ನನು ಬಳೆಗಾರರ ಮನೆಯಲ್ಲಿ ಹುಟ್ಟಿದ ಜೈನನು, ಕವಿಚಕ್ರವರ್ತಿಯಾದನು. ಅವನಿಗೆ ಆಶ್ರಯವಿತ್ತವಳು ದಾನಚಿಂತಾಮಣಿ ಅತ್ತಿಮಬ್ಬೆ. ಅವನು ಯಾರ ಪಾಲಿಗೆ ಬರತಕ್ಕವನು? ತೇರದಾಳದಲ್ಲಿ ಗೊಂಕನು 1123ರಲ್ಲಿ ನೇಮಿನಾಥನಿಗೆ ಜಿನಾಲಯವನ್ನು ಕಟ್ಟಿಸಿದನು. ಅದೇ ಊರಿನಲ್ಲಿ ಅಲ್ಲಮಪ್ರಭುವಿನ ಗುಡಿಯೂ ಇದೆ. ನಮ್ಮ ಕಡೆಯ ಹಳ್ಳಿಗಳಲ್ಲಿ ಮೊಹರಮ್ಮಿಗೆ ರಿವಾಯತ ಪದಗಳನ್ನು ಕನ್ನಡದಲ್ಲಿ ಹಾಡುವವರಲ್ಲಿ ಹಿಂದುಗಳೂ ಇರುವರು, ಮುಸಲ್ಮಾನರೂ ಇರುವರು. ಇದಾವುದಕ್ಕೂ ಯಾವ ಕಚೇರಿಯ ಸುತ್ತೋಲೆಯೂ ಬಂದಿರಲಿಲ್ಲ. ಶ್ರೀಕೃಷ್ಣ ಪಾರಿಜಾತವೆಂಬ ಆಟವನ್ನು ತಾವೆಲ್ಲರೂ ಬಲ್ಲಿರಿ. ಕೌಜಲಗಿ ನಿಂಗಮ್ಮನವರಂಥ ಕಲಾವಿದೆಯು ಅದಕ್ಕೆ ಜೀವ ತುಂಬಿದರು. ಬೆಳತನಕ ನಡೆಯುವ ಆ ಆಟವನ್ನು ಜಾನಪದ ದಿನದಂದು ಹದಿನೈದು ನಿಮಿಷಕ್ಕೆ ಕತ್ತರಿಸಿ ಆಡಿಸುವದುಂಟು. (ಕೊರವಂಜಿಯು ಬಂದು ಕಣಿ ಹೇಳುವಷ್ಟರಲ್ಲಿಯೇ ಅಧ್ಯಕ್ಷರ ಭಾಷಣದ ಗಂಟೆ ಬಾರಿಸುವದು!) ಇದರಿಂದ ಹುಡುಗರಿಗೆ ವೇಷವು ತಿಳಿಯುವದು, ಆಟವು ತಿಳಿಯಲಾರದು.

ಈ ವಿಷಯದಲ್ಲಿ ಮಠಗಳ ಒಂದು ಪದ್ಧತಿಯು ವಿದ್ಯಾಪೀಠಗಳಿಗೆ ಪಾಠವಾಗಬಲ್ಲುದು. ಶ್ರಾವಣದಲ್ಲಿ ತಿಂಗಳು ಪೂರ್ತಿ ಪುರಾಣ ನಡೆಯುವದಷ್ಟೆ. ಒಂದೇ ಗ್ರಂಥ, ದಿನಕ್ಕಿಷ್ಟೆಂದು, ಆದಿಯಿಂದ ಅಂತ್ಯದ ವರೆಗೆ. ಕೇಳಲು ಬರುವವರು ನಿನ್ನೆ ನಿಂತ ಕಥೆಯನ್ನು ನೆನಪಿಟ್ಟುಕೊಂಡು ಬರುವರು. ತಪ್ಪಿದರೆ ನೆರೆಯವರನ್ನು ಕೇಳಿ ತಿಳಿಯುವರು. ಇದು ನಿಜವಾದ ಮಾಸಾಚರಣೆ. ಕೇಂದ್ರ ಸರಕಾರವು 2015ರಲ್ಲಿ ಸಾರಿದ ಯೋಜನೆಯಲ್ಲಿ ಕರ್ನಾಟಕಕ್ಕೆ ಉತ್ತರಾಖಂಡವನ್ನು ಜೊತೆಗೂಡಿಸಿರುವರು. ಆ ನಾಡಿನ ಹೆಸರಿನಲ್ಲಿ ಕಾಲೇಜುಗಳಲ್ಲಿ ಸಭೆಗಳಾಗುತ್ತವೆ. ಒಂದು ದಿನದ ಟೊಪ್ಪಿಗೆ ಕುಣಿತಗಳ ಬದಲು, ಗಢವಾಲದ ಒಂದು ಕಥೆಯನ್ನಾದರೂ ತಿಂಗಳುದ್ದ ಕನ್ನಡದಲ್ಲಿ ಓದಿಸಿದರೆ, ಹಿಮಾಲಯದ ಆ ಜನರು ನಮ್ಮ ಹುಡುಗರಿಗೆ ಪರಕೀಯರಾಗಿ ಉಳಿಯುವದಿಲ್ಲ.

ತಾವು ಈ ಊರಿನವರು. ತಮ್ಮೆದುರಿಗೆ ಆಚರಣೆಗೂ ಸಂಗ್ರಹಕ್ಕೂ ಇರುವ ಭೇದವನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ. ಕೃಷ್ಣೆಯು ಮಳೆಗಾಲದಲ್ಲಿ ತುಂಬಿ ಹರಿಯುವದನ್ನು ತಲೆಮಾರುಗಳಿಂದ ಕಂಡು ಬಾಗಿನ ಕೊಟ್ಟವರು ತಾವು. ಬೇಸಿಗೆಯಲ್ಲಿ ಅದೇ ಹೊಳೆಯ ದಂಡೆಯ ಹೊಲಗಳು ಒಣಗುತ್ತಿದ್ದವು. ಸರಕಾರದ ದಾರಿ ಕಾಯದೆ, ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ರೈತರೇ ಹಣ ಕೂಡಿಸಿ, ಮೈಮುರಿದು ದುಡಿದು, 1989ರಲ್ಲಿ ಇಲ್ಲಿ ಬ್ಯಾರೇಜು ಕಟ್ಟಿ ಮುಗಿಸಿದರು. ಅದಕ್ಕೆ ಶ್ರಮಬಿಂದು ಸಾಗರವೆಂಬ ಹೆಸರಾಯಿತು. ನಿಂತ ನೀರು ಯಾವ ಹೊಲ ಯಾವ ಜಾತಿಯವರದೆಂದು ಕೇಳಲಿಲ್ಲ. ವಿಶ್ವವಿದ್ಯಾಲಯದ ಮಾಸಾಚರಣೆಗಳು ಆ ಹೊಳೆಯ ಪ್ರವಾಹದಂತೆ. ಅವುಗಳಿಗೆ ಕಟ್ಟೆಯನ್ನು ಹಾಕುವವರು ಬೇಕಾಗಿರುವರು.

ಆದುದರಿಂದ ಅಧ್ಯಾಪಕರಲ್ಲಿಯೂ ವಿದ್ಯಾರ್ಥಿಗಳಲ್ಲಿಯೂ ನನ್ನ ಬಿನ್ನಹ ಇಷ್ಟು. ಒಂದು ಸಮಾಜದವರ ಜಯಂತಿಯ ದಿನ ಮುಖ್ಯ ಪ್ರಬಂಧವನ್ನು ಮತ್ತೊಂದು ಸಮಾಜದ ವಿದ್ಯಾರ್ಥಿಯೇ ಓದಿ ಬರೆದು ತರಲಿ. ಅದಕ್ಕಾಗಿ ಅವನು ಅವರ ಓಣಿಗೆ ಹೋಗಬೇಕಾಗುವದು, ಅವರ ಹಿರಿಯರನ್ನು ಕೇಳಬೇಕಾಗುವದು. ನವೆಂಬರದ ರಾಜ್ಯೋತ್ಸವ ಮಾಸವು ಮುಗಿಯುವದರೊಳಗೆ ಪ್ರತಿಯೊಂದು ಕಾಲೇಜಿನಿಂದ ಒಂದೊಂದು ವಹಿಯಾದರೂ ಸಿದ್ಧವಾಗಲಿ: ರಬಕವಿ ಬನಹಟ್ಟಿಯ ನೇಕಾರರು ಮಗ್ಗದ ಒಂದೊಂದು ಅಂಗಕ್ಕೆ ಹೇಳುವ ಶಬ್ದಗಳು, ಬೀಳಗಿಯ ಕಡೆಯ ತಾಂಡಾಗಳ ಹಾಡುಗಳು, ಪಾರಿಜಾತದ ಮೇಳದವರ ಬಾಯಲ್ಲಿರುವ ಪದಗಳು. ಹಾಡಿದವರ ಹೆಸರು, ಊರು, ತಾರೀಖುಗಳನ್ನು ಅದರಲ್ಲಿ ಕಾಣಿಸಬೇಕು. ಅವರ ಒಪ್ಪಿಗೆಯನ್ನೂ ಪಡೆಯಬೇಕು. ಅದರ ಒಂದು ಪ್ರತಿಯು ವಿದ್ಯಾಪೀಠದಲ್ಲಿರಲಿ. ಇನ್ನೊಂದು ಪ್ರತಿಯನ್ನು ಮಠದ ಗ್ರಂಥಭಂಡಾರದಲ್ಲಿ ಇರಿಸಲು ಶ್ರೀಗಳವರು ಕೃಪೆಮಾಡಿ ಅನುಜ್ಞೆ ಕೊಡಬೇಕೆಂದು ಈ ಸಭೆಯ ಪರವಾಗಿ ಬೇಡಿಕೊಳ್ಳುತ್ತೇನೆ. ಮುಂದಿನ ಶ್ರಾವಣದಲ್ಲಿ ಪುರಾಣವು ಮುಗಿದ ಬಳಿಕ, ವಾರಕ್ಕೊಂದು ಸಂಜೆ ಅರ್ಧ ತಾಸು, ಆ ವಹಿಗಳನ್ನು ಬರೆದ ಹುಡುಗರೇ ಇಲ್ಲಿಗೆ ಬಂದು ಓದಿ ಹೇಳಲಿ. ಹಾಡಿದವರನ್ನೂ ಕರೆತಂದು ಮುಂದಿನ ಸಾಲಿನಲ್ಲಿ ಕೂರಿಸೋಣ.